ಹೆಸರು ಹೇಳಲು ಅರ್ಧ ನಿಮಿಷ

ಎಲ್ಲವನ್ನೂ ಬರೆದಿಡುವ ನನ್ನಂಥವರಿಗೆ ಒಂದು ಭ್ರಮೆ ಇರುತ್ತದೆ: ತಾರೀಖು ಹಾಕಿ, ನಡುವೆ ಗೆರೆ ಎಳೆದು, ಎಡಕ್ಕೆ ಗುಣ ಬಲಕ್ಕೆ ದೋಷ ಬರೆದುಬಿಟ್ಟರೆ ಜಗತ್ತು ತಾನಾಗಿ ಸರಿಯಾದ ಕಡೆಗೆ ವಾಲುತ್ತದೆ ಎಂದು. ಹೋದ ವರ್ಷ ವರನನ್ನೂ ಹೀಗೇ ತೂಗಿ ಮದುವೆಯಾದವಳು ನಾನು. ಆದ್ದರಿಂದ ಇಳಕಲ್ಲಿನ ನಮ್ಮ ಕಾಕಾನ ಸಣ್ಣ ವಿಮಾ ಏಜೆನ್ಸಿಗೆ ಸಾಫ್ಟ್‌ವೇರ್ ಆರಿಸುವ ಕೆಲಸ ಬಂದಾಗ ದಿನಚರಿಯ ಪುಟಗಳು ಸರಸರನೆ ತುಂಬಿದವು. ಕಾಗದದ ಫಾರ್ಮು ಇನ್ನು ನಡೆಯುವುದಿಲ್ಲ ಎಂದು ಕಂಪನಿಯವರು ಹೇಳಿಯಾಗಿತ್ತು.

ಆ ಫಾರ್ಮಿನ ಕಾಲವೇ ಬೇರೆ. ಸಾಲೆ ಬಿಟ್ಟ ಮೇಲೆ ನಾನು ಕಾಕಾನ ಮೇಜಿನ ತುದಿಗೆ ಕೂತು ಮಗ್ಗಿ ಬರೆಯುತ್ತಿದ್ದೆ. ಹಳ್ಳಿಯ ಹೆಂಗಸರು ವಿಮೆ ಮಾಡಿಸಲು ಬಂದರೆ, ತಮ್ಮ ನಂತರ ಹಣ ಯಾರಿಗೆ ಎಂಬ ನಾಮಿನಿ ಕಾಲಂ ಹತ್ತಿರ ಪೆನ್ನು ನಿಂತುಬಿಡುತ್ತಿತ್ತು. ಗಂಡನ ಹೆಸರನ್ನು ಹಾಗೇ ಹೇಳುವಂತಿಲ್ಲವಲ್ಲ. ಒಡಪು ಕಟ್ಟಿ, ಪ್ರಾಸದ ಕೊನೆಗೆ ಹೆಸರು ಸೇರಿಸಿ ಹೇಳಬೇಕು. ಎಷ್ಟೋ ಸಲ ಆ ಗಂಡ ಕಾಕಾನ ಜೊತೆಗೇ ಸಾಲೆ ಕಲಿತವನು. ಆದರೂ ಕಾಕಾ ಏನೂ ಅರಿಯದವನಂತೆ, "ನನಗೇನ ಗೊತ್ತವಾ? ನೀ ಹೇಳಿದ್ರ ಬರಕೋತೇನಿ," ಎಂದು ಪೆನ್ನಿನ ಟೋಪಿ ತೆಗೆದು ಕೂಡುತ್ತಿದ್ದ. ಪಕ್ಕದ ಸೀರೆ ಅಂಗಡಿಯವರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಚಹಾ ಬರುತ್ತಿತ್ತು. ಒಂದು ಫಾರ್ಮು ತುಂಬುವುದೆಂದರೆ ಅರ್ಧ ಮದುವೆ.

ಈಗ ಪರೀಕ್ಷೆಗೆ ಬಂದಿದ್ದವು ಎರಡು ಸಾಫ್ಟ್‌ವೇರ್‌ಗಳು. ಒಂದು ಬಣ್ಣಬಣ್ಣದ್ದು, ಚುರುಕು. ನನ್ನ ಮನಸ್ಸು ಅದರ ಮೇಲೆ. ಇನ್ನೊಂದು ಬೂದಿ ಬಣ್ಣದ್ದು, ಆಕಳಿಸಿಕೊಂಡು ತೆರೆದುಕೊಳ್ಳುವಂಥದ್ದು. ಎರಡರಲ್ಲೂ ಗ್ರಾಹಕರೇ ಮೊಬೈಲ್ ಕ್ಯಾಮೆರಾದ ಮುಂದೆ ಕೂತು ನಾಮಿನಿಯ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಕಾಕಾ ಒಂದೇ ಮಾತು ಹೇಳಿದ: "ಗುಡೂರ ಗೌರಕ್ಕ ಯಾವದಕ್ಕ ಹೂಂ ಅಂತಾಳ, ಅದನ್ನ ತಗೊಳ್ಳೂಣು." ಗೌರಕ್ಕ ಅಲ್ಲಿಯ ಮಹಿಳಾ ಸಂಘದ ಮುಖಂಡಳು. ಆಕೆ ಒಪ್ಪಿದರೆ ಸಂಘವೆಲ್ಲ ನಮ್ಮದು. ಮುನಿಸಿಕೊಂಡರೆ ಬಸ್‌ಸ್ಟ್ಯಾಂಡ್ ಹತ್ತಿರದ ಏಜೆನ್ಸಿಯದು.

ಗೌರಕ್ಕ ಬಂದಳು. ಮೊದಲು ನನ್ನ ಚುರುಕಿನದನ್ನೇ ಮುಂದಿಟ್ಟೆ. ಆಕೆ ಸೆರಗು ಸರಿಪಡಿಸಿಕೊಂಡು ಶುರುಮಾಡಿದಳು:

"ಬಾದಾಮಿ ಬಸ್ಸಿನ್ಯಾಗ ಕಿಡಕಿ ಸೀಟ ಹಿಡದಾರ,
ನನ್ನ ಕೂಡ್ಸಿ ಗುಡೂರತನಕ ತಾವು ನಿಂತಾರ,
ಕಾಲ ನೋವೇನ್ರಿ ಅಂದ್ರ..."

"ಸಮಯ ಮುಗಿದಿದೆ. ದಯವಿಟ್ಟು ಹೆಸರನ್ನು ಮಾತ್ರ ಹೇಳಿ," ಎಂದಿತು ಮೊಬೈಲಿನೊಳಗಿನ ಹೆಣ್ಣುದನಿ. ತೆರೆ ತಾನಾಗಿ ಮುಚ್ಚಿಕೊಂಡಿತು.

"ಯಾರ ತಂಗಿ ಈಕಿ? ಹಿರ್ಯಾರು ಮಾತಾಡೂ ಮುಂದ ನಡುವ ಬಾಯಿ ಹಾಕ್ತಾಳ!"

"ಅದು ಮಷೀನ್ರಿ ಅಕ್ಕಾರ. ಅರ್ಧ ನಿಮಿಷದಾಗ ಹೇಳಬೇಕು," ಎಂದೆ.

"ನಲವತ್ತು ವರ್ಷದ ಸಂಸಾರ ಅರ್ಧ ನಿಮಿಷದಾಗ ಮುಗಸಂತಾಳ? ಏಜಂಟ್ರ, ನಾ ಬರ್ತೇನಿ."

ಕಾಕಾ ನನ್ನತ್ತ ನೋಡಿದ. ನಾನು ಓಡಿಹೋಗಿ ಬೂದಿ ಬಣ್ಣದ್ದನ್ನು ತೆರೆದೆ. ಅದಕ್ಕೆ ಗಡಿಯಾರವೇ ಇರಲಿಲ್ಲ. ಗೌರಕ್ಕ ಮತ್ತೆ ಬಾದಾಮಿಯಿಂದಲೇ ಬಸ್ಸು ಬಿಟ್ಟಳು:

"ಕಾಲ ನೋವೇನ್ರಿ ಅಂದ್ರ ಮೀಸ್ಯಾಗ ನಕ್ಕಾರ,
ಸಂಗಪ್ಪ ಅನ್ನಾವ್ರು ನಮ್ಮ ಮನಿಯವರಾ!"

ಸೀರೆ ಅಂಗಡಿಯವರು ಚಪ್ಪಾಳೆ ತಟ್ಟಿದರು. ನಾನು ದೋಷದ ಕಡೆ ಬರೆದಿದ್ದ 'ನಿಧಾನ' ಎಂಬುದನ್ನು ಹೊಡೆದು ಗುಣದ ಕಡೆಗೆ ಬರೆದೆ.

ಸಂಘ ನಮ್ಮದಾಯಿತು. ಖುಷಿಯಲ್ಲಿ ಕಾಕಾ, "ಹೊಸ ಮದುವಿ ಆಗೈತಿ, ನಿಂದೂ ಒಂದು ವಿಮಾ ಮಾಡೇಬಿಡೂಣು, ಕೂಡ," ಎಂದ. ಕೂತೆ. ಮನೆಯಲ್ಲಿ ಗಂಡನನ್ನು ದಿನಕ್ಕೆ ಹತ್ತು ಸಲ "ಲೇ ಪ್ರವೀಣ್ಯಾ" ಎಂದು ಕೂಗುವವಳು ನಾನು. ಆದರೆ ಕಾಕಾ, ಗೌರಕ್ಕ, ಸೀರೆ ಅಂಗಡಿಯವರೆಲ್ಲ ಬಾಯಿ ನೋಡುತ್ತ ನಿಂತಾಗ ಆ ಹೆಸರು ನಾಲಿಗೆಗೆ ಬರಲೇ ಒಲ್ಲದು. ಒಡಪಂತೂ ಒಂದೂ ಗೊತ್ತಿಲ್ಲ. ಕೆನ್ನೆ ಬಿಸಿಯಾದವು.

"ಹೇಳ ತಂಗಿ," ಎಂದಳು ಗೌರಕ್ಕ ಚಹಾ ಬಸಿಗೆ ಸುರಿದುಕೊಳ್ಳುತ್ತ, "ಇದೇನು ಅವಸರ ಮಾಡೂದಿಲ್ಲ."

ಖರೆ, ಅದು ಅವಸರ ಮಾಡಲಿಲ್ಲ. ನನ್ನ ಕೆಂಪು ಮುಖವನ್ನು ತೆರೆಯ ತುಂಬ ಹಿಡಿದು ಕಾಯುತ್ತಲೇ ಇತ್ತು. ಅರ್ಧ ನಿಮಿಷಕ್ಕೆ ತಾನಾಗಿ ಮುಚ್ಚಿಕೊಳ್ಳುತ್ತಿದ್ದ ಆ ಮೊದಲಿನದು ಎಷ್ಟು ಮಾನವಂತ ಸಾಫ್ಟ್‌ವೇರ್ ಎಂದು ಆಗ ತಿಳಿಯಿತು.