ಯಂತ್ರಕ್ಕೆ ದಾರಿ ಕಲಿಸಲು ಹೋಗಿ

ಕಂಪ್ಯೂಟರಿಗೆ ದಾರಿ ಹುಡುಕಲು, ಆಟ ಆಡಲು ಕಲಿಸುವುದು ನನ್ನ ಕೆಲಸ. ಯಾದಗಿರಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತ ಈ ಸಂಶೋಧನೆ ನಡೆಸಿದ್ದೇನೆ. ಲೆಕ್ಕದಲ್ಲಿ ನಾನು ತಪ್ಪುವವಳಲ್ಲ. ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ಆ ಲೆಕ್ಕ ಹಿಡಿದುಕೊಂಡು ಕಾಲೇಜಿನ ಗೇಟು ದಾಟಿದೆನೋ, ಏನಾದರೊಂದು ಆಗಿಯೇ ತೀರುತ್ತದೆ.

೧. ಒಂಬತ್ತು ವರ್ಷ

ನನ್ನ ಕೆಲಸ ಏನೆಂದು ಅವ್ವನಿಗೆ ತಿಳಿಸಲು ಒಂದು ಸಂಜೆ ಪೂರ್ತಿ ಕೂತೆ. ಒಂದು ಊರಿಗೆ ನೂರು ದಾರಿ ಇದ್ದರೆ, ನೂರನ್ನೂ ತುಳಿಯದೆ ಹತ್ತಿರದ್ದನ್ನು ಆರಿಸುವುದು ಹೇಗೆ ಅಂತ. ಅವ್ವ ತಲೆಯಾಡಿಸಿದಳು. ಮರುದಿನ ಪಕ್ಕದ ಮನೆಯಾಕೆ ಬಂದಾಗ ಹೆಮ್ಮೆಯಿಂದ ಹೇಳಿದಳು:

“ನಮ್ಮಾಕಿ ಕಂಪ್ಯೂಟರಿನ್ಯಾಗ ದಾರಿ ಹುಡುಕತಾಳ.”

“ಎಷ್ಟು ವರ್ಷಾತು?”

“ಒಂಬತ್ತು.”

ಆಕೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು: “ಅಯ್ಯ ಪಾಪ, ಇನ್ನಾ ಸಿಕ್ಕಿಲ್ಲೇನವ್ವಾ?”

೨. ಗುಂಡಿ ಇಲ್ಲದ ರಸ್ತೆ

ಶಹಾಪುರದಿಂದ ದೋರನಹಳ್ಳಿ ಕಡೆಯ ಒಂದು ತೋಟಕ್ಕೆ ನನ್ನ ಪ್ರೋಗ್ರಾಮು ಹೊಸ ದಾರಿ ತೋರಿಸಿತು. ನೇರ, ಸಪಾಟು, ಅಡ್ಡ ಬರುವ ಊರಿಲ್ಲ, ಒಂದೇ ಒಂದು ಗುಂಡಿಯಿಲ್ಲ. ಇಡೀ ತಾಲೂಕಿನಲ್ಲಿ ಯಾರಿಗೂ ಕಾಣದ ರಸ್ತೆ ನನಗೆ ಸಿಕ್ಕಿತೆಂದು ಸ್ಕೂಟಿ ಏರಿದೆ. ಹಿಂದೆ ನನ್ನ ಸಹೋದ್ಯೋಗಿ, ಕೈಯಲ್ಲಿ ಫೋನು. “ಇನ್ನ ಮುಂದ, ಇನ್ನ ಮುಂದ” ಅನ್ನುತ್ತಲೇ ಇದ್ದಳು. ನಾನು ಬ್ರೇಕ್ ಹಾಕಿದ್ದು ಕಾಲುವೆಯ ದಂಡೆಯ ಮೇಲೆ. ನೀರು ತುಂಬಿ ಹರಿಯುತ್ತಿತ್ತು. ನಕ್ಷೆಯ ಮೇಲಿನ ಗೆರೆಗಳನ್ನೆಲ್ಲ ರಸ್ತೆ ಅಂತ ಯಂತ್ರಕ್ಕೆ ಕಲಿಸಿದವಳು ನಾನೇ. ಅದು ಕಾಲುವೆಯನ್ನೂ ರಸ್ತೆ ಅಂದುಕೊಂಡಿತ್ತು.

ಅಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು ಕೇಳಿದಳು: “ಏನ್ ಹುಡುಕಾಕತ್ತೀರಿ?”

“ರಸ್ತಿರಿ. ಇದರಾಗ ಇಲ್ಲೇ ಅದ ಅಂತ ತೋರಸ್ತದ.”

ಆಕೆ ಕೈ ಒರೆಸಿಕೊಂಡು ಬಂದು ಫೋನು ನೋಡಿದಳು. ಆಮೇಲೆ ಕಾಲುವೆ ನೋಡಿದಳು.

“ಖರೇ ಅದ ಬಿಡ್ರಿ. ಆದ್ರ ಈ ರಸ್ತಿ ಬ್ಯಾಸಗ್ಯಾಗ ಅಷ್ಟ ಚಾಲೂ ಇರ್ತದ. ನೀರು ಬಂದ್ ಮಾಡಿದ ಮ್ಯಾಲ ಬರ್ರಿ.”

೩. ಬಂದ್ ಆದ ರಸ್ತೆ

ನಕ್ಷೆಯ ಸಹವಾಸ ಸಾಕೆನಿಸಿ, ರಸ್ತೆ ಬಲ್ಲವರಿಂದಲೇ ಯಂತ್ರ ಕಲಿಯಲಿ ಎಂದುಕೊಂಡೆ. ಯಾದಗಿರಿ–ವಡಗೇರಾ ನಡುವೆ ಟಂಟಂ ಆಟೋ ಓಡಿಸುವವನೊಬ್ಬನನ್ನು ಒಪ್ಪಿಸಿ, ಅವನ ಗಾಡಿಯಲ್ಲಿ ಒಂದು ತಿಂಗಳು ಫೋನು ಇಟ್ಟೆ. ಯಂತ್ರ ಚೆನ್ನಾಗಿಯೇ ಕಲಿಯಿತು. ಒಂದು ಹಳ್ಳಿಯ ಹತ್ತಿರ ಮಾತ್ರ ನೇರ ರಸ್ತೆಯನ್ನು “ಬಂದ್” ಅಂತ ಗುರುತು ಮಾಡಿ, ಸುತ್ತಿ ಹೋಗಲು ಹೇಳುತ್ತಿತ್ತು. ಸೇತುವೆ ಕುಸಿದಿರಬೇಕೆಂದು ನಾನೇ ಹೋಗಿ ನೋಡಿದೆ. ಹೊಸ ಡಾಂಬರು, ಫಳಫಳ ಹೊಳೆಯುತ್ತಿತ್ತು.

ಟಂಟಂನವನನ್ನು ಹಿಡಿದು ಕೇಳಿದೆ: “ಆ ರಸ್ತಿಗೆ ಏನಾಗ್ಯಾದಪ್ಪ? ದಿನಾ ಸುತ್ತು ಹಾಕ್ತೀಯಲ್ಲ?”

“ರಸ್ತಿ ಭಾಳ ಚಲೋ ಅದ್ರಿ ಮೇಡಂ,” ಅಂದ. “ಅದರ ಮ್ಯಾಲ ನಮ್ಮತ್ತಿ ಮನಿ ಅದ.”

ಅಂದಿನಿಂದ ಈ ಕೆಲಸಕ್ಕೆ ಲಗ್ನವಾಗದ ಡ್ರೈವರನ್ನೇ ಹುಡುಕುತ್ತೇನೆ.

೪. ಹುರಿದ ಶೇಂಗಾದ ಕುರಿಗಳು

ಆಟದ ವಿಷಯದಲ್ಲಿ ನನ್ನ ಯಂತ್ರಕ್ಕೆ ಎದುರೇ ಇರಲಿಲ್ಲ. ಹುಲಿ-ಕುರಿ ಆಟ ಕಲಿಸಿದ್ದೆ. ಮೂರು ಹುಲಿ, ಹದಿನೈದು ಕುರಿ; ಹುಲಿ ಕುರಿಯ ಮೇಲೆ ಜಿಗಿದರೆ ಕುರಿ ಸತ್ತಂತೆ, ಹುಲಿ ಎತ್ತಲೂ ಸರಿಯದಂತೆ ಕುರಿಗಳು ಮುತ್ತಿದರೆ ಕುರಿಗಳೇ ಗೆದ್ದಂತೆ. ಕಾಲೇಜಿನಲ್ಲಿ ಎಲ್ಲರನ್ನೂ ಸೋಲಿಸಿತ್ತು. ಆದರೂ ನಮ್ಮ ವಿಭಾಗದ ಮುಖ್ಯಸ್ಥರಿಗೆ ನಂಬಿಕೆಯಿಲ್ಲ. “ಸುರಪುರದಾಗ ಒಬ್ಬ ಅಜ್ಜ ಅದಾನ. ಹುಲಿ ಹಿಡಿದ್ರ ಇವತ್ತಿನ ತನಕ ಸೋತಿಲ್ಲ. ಅವನ್ನ ಗೆದ್ರ ಈ ಕೆಲಸ ಮುಂದುವರಿಸ್ರಿ, ಇಲ್ಲಂದ್ರ ಬಿಡ್ರಿ,” ಅಂದರು. ತಾವೂ ಜೊತೆಗೆ ಬಂದರು.

ಅಜ್ಜ ಕಟ್ಟೆಯ ಮೇಲೆ ಸುಣ್ಣದಿಂದ ಆಟದ ಮನೆ ಬರೆದ. ಹುಲಿಗೆ ಮೂರು ಕಲ್ಲು, ಕುರಿಗೆ ತನ್ನ ಜೇಬಿನ ಹುರಿದ ಶೇಂಗಾ. ಯಂತ್ರ ಹೇಳಿದಂತೆ ಶೇಂಗಾ ಸರಿಸುವವಳು ನಾನು, ಹುಲಿ ನಡೆಸುವವನು ಅಜ್ಜ. ಜನ ಸುತ್ತ ನಿಂತರು. ಅಜ್ಜ ಎರಡು ಕುರಿ ಹೊಡೆದು, ಎರಡನ್ನೂ ಬಾಯಿಗೆ ಹಾಕಿಕೊಂಡ. ಸೈ, ಸತ್ತ ಕುರಿ ತಾನೆ. ಆಮೇಲೆ ಯಂತ್ರ ಬಿಗಿ ಹಿಡಿಯಿತು. ಎರಡು ಹುಲಿ ಕಟ್ಟುಬಿದ್ದವು, ಮೂರನೆಯದಕ್ಕೆ ಇದ್ದದ್ದು ಒಂದೇ ದಾರಿ.

ಮುಖ್ಯಸ್ಥರು ನನ್ನ ಕಿವಿಯಲ್ಲಿ ಅಂದರು: “ಸಾಕು. ಕೆಲಸ ಮುಂದುವರಿಸ್ರಿ.”

ನಾನು ಉಬ್ಬಿ, ಸುತ್ತ ನಿಂತವರ ಕಡೆ ತಿರುಗಿ, ಯಂತ್ರ ಹನ್ನೆರಡು ನಡೆ ಮುಂದೆ ಹೇಗೆ ನೋಡುತ್ತದೆಂದು ವಿವರಿಸಿದೆ. ತಿರುಗಿ ಬಂದು ಕೊನೆಯ ಕುರಿ ಸರಿಸಲು ಕೈ ಚಾಚಿದರೆ, ಕುರಿಯೇ ಇಲ್ಲ! ಅದರ ಪಕ್ಕದ್ದೂ ಇಲ್ಲ. ಎಣಿಸಿದೆ: ಯಂತ್ರದಲ್ಲಿ ಹದಿಮೂರು ಕುರಿ, ಕಟ್ಟೆಯ ಮೇಲೆ ಏಳು. ಅಜ್ಜನ ದವಡೆ ಆಡುತ್ತಿತ್ತು.

“ಅಜ್ಜಾರ, ಇದೇನ್ರಿ! ಜಿಗೀಲಿಲ್ಲ, ಕೇಳ್ಲಿಲ್ಲ, ಹಂಗ ತಿಂದುಬಿಟ್ರಲ್ಲ?”

ಅಜ್ಜ ನಿಧಾನವಾಗಿ ನುಂಗಿ, ಮೀಸೆ ಒರೆಸಿಕೊಂಡ.

“ಹುಚ್ಚವ್ವಾ, ಹುಲಿ ಯಾವತ್ತರ ಕೇಳಿ ತಿಂತದೇನು?”