ಟವೆಲ್ ಹೊದ್ದ ನಕ್ಷತ್ರ

"ನನ್ನ ನಕ್ಷತ್ರ ಸಿಕ್ಕಿದ ದಿನ ನನಗಿಂತ ಮೊದ್ಲು ನೀನೇ ನೋಡೋದು ಪುಟ್ಟಿ," ಎಂದು ಅನಂತರಾಜು ಮಗಳು ದೀಪಿಕಾಗೆ ಮಾತು ಕೊಟ್ಟು ಹನ್ನೊಂದು ವರ್ಷವಾಗಿತ್ತು. ಆಗ ಅವಳಿಗೆ ಆರು. ಈಗ ಸೆಕೆಂಡ್ ಪಿಯುಸಿ. ಹೆಂಡತಿ ಪ್ರೇಮಲತಾಗೆ ಕುಣಿಗಲ್‌ಗೆ ವರ್ಗವಾದಾಗ ಮಗಳೂ ಜೊತೆಗೆ ಹೋದಳು. ತುಮಕೂರಿನ ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುವ ಅನಂತರಾಜು ಬಾಡಿಗೆ ಮಹಡಿಯಲ್ಲಿ ಒಬ್ಬನೇ ಉಳಿದ. ಟ್ಯೂಷನ್, ಟೆಸ್ಟ್ ಎಂದು ಮಗಳು ನಾಲ್ಕು ತಿಂಗಳಿಂದ ಇತ್ತ ಸುಳಿದಿರಲಿಲ್ಲ. ಇವನೇ ಹೋದರೆ ಅವಳು ಓದುವ ಕೋಣೆಯ ಮುಚ್ಚಿದ ಬಾಗಿಲು ನೋಡಿಕೊಂಡು ಬರಬೇಕು.

ಅವನ ನಕ್ಷತ್ರ ಒಂಟಿಯಲ್ಲ, ಜೋಡಿ. ಒಂದು ಸತ್ತು ಭೂಮಿಯಷ್ಟಕ್ಕೆ ಕುಗ್ಗಿದ ಶ್ವೇತಕುಬ್ಜ, ಭಾರಿ ಅಯಸ್ಕಾಂತ. ಬೀಗರ ಮನೆಯದನ್ನೆಲ್ಲ ಬಾಚಿಕೊಳ್ಳುವವರ ಹಾಗೆ ಪಕ್ಕದ ನಕ್ಷತ್ರದ ಅನಿಲವನ್ನು ಎಳೆದೆಳೆದು ತಲೆಮೇಲೆ ಸುರಿದುಕೊಳ್ಳುತ್ತದೆ. ಆ ರಭಸಕ್ಕೆ ಎಕ್ಸ್-ರೇ ಚಿಮ್ಮುತ್ತದೆ. ನಮ್ಮ ಗಾಳಿ ಅದನ್ನು ಕೆಳಗೆ ಬಿಡದು. ಗಾಳಿಯಾಚೆ ಸುತ್ತುವ ದೂರದರ್ಶಕವೇ ನೋಡಬೇಕು. ಅದರ ಸಮಯ ಕೇಳಿ ಹಾಕಿದ ಏಳು ಅರ್ಜಿ ವಾಪಸಾಗಿ ಎಂಟನೆಯದಕ್ಕೆ ಅವಕಾಶ ಸಿಕ್ಕಿತ್ತು. ಮೊದಲ ಗ್ರಾಫ್ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಅವನ ಲ್ಯಾಪ್‌ಟಾಪಿನಲ್ಲಿ ತಾನಾಗಿಯೇ ಮೂಡುವುದಿತ್ತು.

"ರಜ ಹಾಕಿ ಬರ್ತೀನಪ್ಪ," ಎಂದಿದ್ದಳು ದೀಪಿಕಾ. ಅನಂತರಾಜು ತಟ್ಟೆ ಇಡ್ಲಿ ಕಟ್ಟಿಸಿ ತಂದ. ತನ್ನ ಕಣ್ಣೇ ಮೊದಲು ಬಿದ್ದೀತೆಂದು ಲ್ಯಾಪ್‌ಟಾಪಿಗೆ ಟವೆಲ್ ಹೊದಿಸಿದ. ಕೆಳಮನೆಯ ಓನರ್ ಸರ್ವಮಂಗಳಮ್ಮನ ಕೈಗೆ ಕೀ ಕೊಟ್ಟ.

"ಬಸ್ ಸ್ಟಾಂಡಿಗೆ ಹೋಗ್ತಿದೀನಿ. ಮಗಳು ಆಟೋದಲ್ಲಿ ಮೊದ್ಲೇ ಬಂದ್ಬಿಟ್ರೆ ಕೊಡಿ. ಟವೆಲ್ ಮಾತ್ರ ಮುಟ್ಬೇಡಿ."

"ಹನ್ನೊಂದಕ್ಕಾ ಮೇಷ್ಟ್ರೇ? ಶುಕ್ರವಾರ ರಾಹುಕಾಲ ಕಣ್ರೀ!"

"ನಕ್ಷತ್ರಕ್ಕೆ ಯಾವ ರಾಹುಕಾಲ ಬಿಡೀಮ್ಮ."

"ಅದಕ್ಕಿಲ್ದೆ ಇರ್ಬೋದು. ನಿಮಗೈತಲ್ಲ!"

ಅವನು ಬೀದಿ ತಿರುಗಿದ್ದೇ ತಡ, ಸರ್ವಮಂಗಳಮ್ಮ ಉಪ್ಪು, ಮೆಣಸಿನಕಾಯಿ ಹಿಡಿದು ಮಹಡಿ ಹತ್ತಿದರು. ಹಿಂದೆಯೇ, ಮಾತೆಲ್ಲ ಕೇಳಿಸಿಕೊಂಡಿದ್ದ ಎದುರುಮನೆಯ ಗಂಗರಾಜು.

"ಟವೆಲ್ ಮುಟ್ಬೇಡಿ ಅಂದವ್ರೆ ಕಣಕ್ಕ."

"ಮುಚ್ಚಿಟ್ಟಿದ್ದಕ್ಕೆ ದೃಷ್ಟಿ ತೆಗೆಯೋಕಾಯ್ತದೇನ್ಲಾ? ಮುಖ ಕಾಣ್ಬೇಕು!"

ಟವೆಲ್ ಸರಿಯಿತು. ಮೂರನೇ ಸುತ್ತು ನಿವಾಳಿಸುವಾಗ ಪರದೆಯ ಮೇಲೆ ಸಾಲಾಗಿ ಚುಕ್ಕಿಗಳು ಮೂಡಿದವು. ಗಂಗರಾಜು ಫೋಟೋ ಹೊಡೆದು ಬೀದಿಯ ವಾಟ್ಸಾಪ್ ಗ್ರೂಪಿಗೆ ಏರಿಸಿದ: 'ನಮ್ಮ ಮೇಷ್ಟ್ರ ನಕ್ಷತ್ರ. ದೃಷ್ಟಿ ತೆಗೆಯಲಾಗಿದೆ.'

ಬಸ್ ಸ್ಟಾಂಡಿನ ಹತ್ತಿರ ಎಳನೀರು ಮಾರುವ ತಿಪ್ಪಯ್ಯನೂ ಅದೇ ಬೀದಿಯವನು. ಮಚ್ಚು ಕೆಳಗಿಟ್ಟು ಫೋನ್ ಚಾಚಿದ. "ಸಾ, ನಿಮ್ ನಕ್ಷತ್ರ ಬಂದೈತೆ ನೋಡಿ!"

ಅನಂತರಾಜು ಪಟಕ್ಕನೆ ಕಣ್ಣು ಮುಚ್ಚಿ, ಹಾಗೆಯೇ ಓಡಿ, ಎಳನೀರಿನ ರಾಶಿಯ ಮೇಲೆ ಮಗುಚಿ ಬಿದ್ದ.

"ಕಣ್ಣು ಬಂದೈತಾ ಸಾ?"

"ಹೂಂ, ಬಂದಿದೆ! ಹತ್ರ ಬರ್ಬೇಡಿ, ಅಂಟುತ್ತೆ!"

ಅಷ್ಟು ಜನಜಂಗುಳಿಯಲ್ಲಿ ಅವನ ಸುತ್ತ ನಾಲ್ಕು ಮಾರು ಖಾಲಿಯಾಯಿತು.

ಕುಣಿಗಲ್ ಬಸ್ಸು ಬಂತು. ಎಲ್ಲರೂ ಇಳಿದರು, ಕಂಡಕ್ಟರೂ ಇಳಿದ. ದೀಪಿಕಾ ಇಳಿಯಲಿಲ್ಲ. ಫೋನ್ ಮಾಡಿದ.

"ಅಪ್ಪಾ, ಸೂಪರ್! ಚುಕ್ಕಿ ನೋಡ್ದೆ! ಅಮ್ಮ ಇನ್ನೂ ನಮ್ ಬೀದಿ ಗ್ರೂಪಲ್ಲೇ ಇದಾಳಲ್ಲ, ಫಾರ್ವರ್ಡ್ ಮಾಡಿದ್ಳು."

"ಎಲ್ಲಿದೀಯಮ್ಮ?"

"ಹೆಬ್ಬೂರಲ್ಲೇ ಇಳ್ಕೊಂಡೆ. ಹೆಂಗೂ ನೋಡಾಯ್ತಲ್ಲ, ಮಧ್ಯಾಹ್ನದ ಕೆಮಿಸ್ಟ್ರಿ ಟೆಸ್ಟಾದ್ರೂ ಬರೆಯೋಣ ಅಂತ ವಾಪಸ್ ಬಸ್ ಹತ್ತಿದೀನಿ. ನೀನು ನೋಡ್ದಾ?"

"ಇಲ್ಲ."

"ಅಯ್ಯೋ, ಊರೆಲ್ಲ ನೋಡಾಯ್ತು. ನೋಡಪ್ಪ!"

ಮನೆಗೆ ಬಂದರೆ ಮಹಡಿಯ ತುಂಬ ಮೆಣಸಿನಕಾಯಿ ಹೊಗೆ. ಕಣ್ಣೊರೆಸಿಕೊಳ್ಳುತ್ತ ನಿಂತವನಿಗೆ ಸರ್ವಮಂಗಳಮ್ಮ ಧೈರ್ಯ ಹೇಳಿದರು: "ಒಲೆಗೆ ಹಾಕಿದ್ ತಕ್ಷಣ ಘಾಟು ಬಂತು ಮೇಷ್ಟ್ರೇ. ಹಂಗಂದ್ರೆ ದೃಷ್ಟಿನೇ ಇಲ್ಲ. ನಿಮ್ ಮೇಲೆ ಯಾರ ಕಣ್ಣೂ ಬಿದ್ದಿಲ್ಲ."

ಅವನು ಪರದೆ ನೋಡಿದ. ಚುಕ್ಕಿಗಳ ಏರಿಳಿತದಲ್ಲಿ ಎರಡು ನಕ್ಷತ್ರಗಳು ಮೂರು ಗಂಟೆಗೊಮ್ಮೆ ಒಂದನ್ನೊಂದು ಸುತ್ತಿ ಬರುತ್ತಿದ್ದವು. ಅವಕ್ಕೆ ಕುಣಿಗಲ್ ಬಸ್ಸು ಬೇಕಿರಲಿಲ್ಲ.

ಇಡ್ಲಿ ಪೊಟ್ಟಣವನ್ನು ಸರ್ವಮಂಗಳಮ್ಮನ ಕೈಗಿಟ್ಟ. ಅವನಿಗಿಂತ ಮೊದಲು ಮಗಳು ನೋಡಿದ್ದಳು. ಕೊಟ್ಟ ಮಾತು ಉಳಿಯಿತು.