ಲಡ್ಡುವಿನ ಊಟದ ಶಿಸ್ತು

ನಾನು ಯಾರಿಗೂ ಸುಲಭವಾಗಿ ಬಗ್ಗಿದವನಲ್ಲ. ಹೆಂಡತಿಯ ವಿಷಯ ಬೇರೆ, ಅದು ಲೆಕ್ಕಕ್ಕಿಲ್ಲ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಸ್ವಭಾವ ಸೈನ್ಯದಲ್ಲಿ ಕರ್ನಲ್ ಆಗುವ ತನಕ ಚೆನ್ನಾಗಿಯೇ ನಡೆಯಿತು. ನಿವೃತ್ತನಾಗಿ ದೆಹಲಿಯ ವಸಂತ್ ಕುಂಜ್‌ನ ಫ್ಲ್ಯಾಟಿಗೆ ಬಂದ ಮೇಲೂ ನಡೆಯುತ್ತಿತ್ತು, ಲಡ್ಡು ಬರುವ ತನಕ.

ಲಡ್ಡು ಎಂದರೆ ತಿನ್ನುವುದಲ್ಲ, ಶಿಹ್ ತ್ಸು ಜಾತಿಯ ಪುಟ್ಟ ನಾಯಿ. ಸೈನ್ಯದಲ್ಲೇ ಕ್ಯಾಪ್ಟನ್ ಆಗಿರುವ ಮಗಳು ದೇಚಮ್ಮ ತರಬೇತಿಗೆ ಹೊರಟಾಗ ನಮ್ಮಲ್ಲಿ ಬಿಟ್ಟುಹೋದದ್ದು. ಕೊಡಗಿನಲ್ಲಿ ಹಂದಿಯ ಬೆನ್ನಟ್ಟುವ ನಾಯಿಗಳ ನಡುವೆ ಬೆಳೆದ ನನಗೆ ಇದನ್ನು ನಾಯಿ ಎನ್ನಲು ಬಾಯಿಯೇ ಬರಲಿಲ್ಲ. ಮುಖ ಯಾವ ಕಡೆ ಎಂದು ಹುಡುಕಬೇಕು. ದಿನಾ ಬಾಚದಿದ್ದರೆ ಕೂದಲು ಗಂಟು, ಒರೆಸದಿದ್ದರೆ ಕಣ್ಣಲ್ಲಿ ನೀರು, ದೆಹಲಿಯ ಬಿಸಿಲಿಗೆ ಸ್ವಲ್ಪ ನಿಂತರೆ ಏದುಸಿರು. ಹಣೆಯ ಕೂದಲು ಕಣ್ಣಿಗೆ ಚುಚ್ಚದಂತೆ ಜುಟ್ಟು ಬೇರೆ ಕಟ್ಟಬೇಕು. ಪಾರ್ಕಿನ ಬಳಿಯ ತರಕಾರಿ ಭಯ್ಯಾ ಆ ಗುಲಾಬಿ ರಬ್ಬರ್‌ಬ್ಯಾಂಡ್ ನೋಡಿ, "ಸಾಬ್, ಬಿಟಿಯಾ ಬಹುತ್ ಪ್ಯಾರೀ ಹೈ" ಎಂದು ಹೆಣ್ಣುಮಗುವೆಂದೇ ಹೊಗಳಿದ. ಗಂಡು ಎಂದು ಹೇಳಲು ನನಗೇ ನಾಚಿಕೆಯಾಗಿ "ಅಚ್ಛಾ" ಎಂದು ಮುಂದೆ ನಡೆದೆ.

ಇದೆಲ್ಲ ಸಹಿಸಬಹುದಿತ್ತು. ಆದರೆ ಮಹಾರಾಯ ಊಟವನ್ನೇ ಬಿಟ್ಟ. ನಾನು ಹೊತ್ತಿಗೆ ಸರಿಯಾಗಿ ಬಟ್ಟಲಿಡುವುದು, ಅವನು ಮೂಸಿ ನನ್ನ ಮುಖ ನೋಡುವುದು, ಕಾಲುಗಂಟೆಯಾದೊಡನೆ ನಾನು ಬಟ್ಟಲು ಎತ್ತಿಬಿಡುವುದು. "ಹಸಿದ್ರೆ ತಾನೇ ತಿನ್ನುತ್ತೆ. ಎಂಥೆಂಥವರನ್ನ ದಾರಿಗೆ ತಂದಿದ್ದೀನಿ!" ಎಂದೆ. "ಇದು ಕಾವಲು ನಾಯಿ ಅಲ್ಲ ರೀ, ಜನರ ಜೊತೆಗಿರೋಕೇ ಹುಟ್ಟಿದ್ದು. ಒಂಟಿಯಾಗಿ ತಿನ್ನೋದು ಅದಕ್ಕೆ ಗೊತ್ತಿಲ್ಲ" ಎಂದು ನನ್ನ ಹೆಂಡತಿ ಮುತ್ತಮ್ಮ ತಾನೇ ಪಕ್ಕದಲ್ಲಿ ಕೂತು ನೋಡಿದಳು. ಅವನು ಆಗಲೂ ನನ್ನನ್ನೇ ನೋಡುತ್ತಿದ್ದ. ಕರ್ನಲ್ ನೆಲದಲ್ಲಿ ಕೂತು ನಾಯಿಗೆ ಕಂಪನಿ ಕೊಡುವುದೇ? ಛೆ!

ಅಷ್ಟರಲ್ಲಿ ಮಗಳ ಫೋನ್ ಬಂತು. "ಪಪ್ಪಾ, ಲಡ್ಡು ಖಾ ನಹೀ ರಹಾ, ಏನೂ ತಿಂತಿಲ್ವಂತೆ? ಸಂಡೇ ಬರ್ತೀನಿ. ಅಲ್ಲಿ ಹೊಂದ್ಕೊಳ್ಳದಿದ್ರೆ ಗುರ್‌ಗಾಂವ್‌ನ ಫ್ರೆಂಡ್ ಮನೇಲಿ ಬಿಡ್ತೀನಿ." ಬಿಡು, ಪೀಡೆ ತೊಲಗಲಿ ಎನ್ನಲು ಬಾಯಿ ತೆರೆದವನು ಕೆಳಗೆ ನೋಡಿದೆ. ಲಡ್ಡು ನನ್ನ ಚಪ್ಪಲಿಯ ಮೇಲೆ ಗದ್ದವಿಟ್ಟು ಮಲಗಿದ್ದ. ನಿಜ ಹೇಳುತ್ತೇನೆ, ಅವನು ಹೋಗುವುದು ನನಗೆ ಸುತರಾಂ ಬೇಕಿರಲಿಲ್ಲ.

ಆ ಮಧ್ಯಾಹ್ನ ತಟ್ಟೆ ಹಿಡಿದು ನೆಲದ ಮೇಲೆ ಕೂತೆ. ಮೊಣಕಾಲು ಲಟಲಟ ಎಂದವು. ನಾನು ಒಂದು ತುತ್ತು ತಿಂದದ್ದೇ ತಡ, ಅವನು ಬಟ್ಟಲಿಗೆ ಬಾಯಿ ಹಾಕಿದ. ಆಗ ಹೊಳೆಯಿತು ನೋಡಿ: ನಮ್ಮ ಆಫೀಸರ್ಸ್ ಮೆಸ್ಸಿನಲ್ಲೂ ಹಿರಿಯ ಅಧಿಕಾರಿ ಶುರುಮಾಡುವ ತನಕ ಯಾರೂ ಚಮಚ ಮುಟ್ಟುವಂತಿಲ್ಲ. ಪಾಪ, ನಾಯಿ ಶಿಸ್ತು ಪಾಲಿಸುತ್ತಿತ್ತು, ತಪ್ಪು ತಿಳಿದವರು ನಾವು!

ಭಾನುವಾರ ಬಂದ ಮಗಳಿಗೆ ಇದನ್ನೇ ಹೆಮ್ಮೆಯಿಂದ ವಿವರಿಸಿ, ಅವನ ಪಕ್ಕ ಊಟಕ್ಕೆ ಕೂತೆ. "ನೋಡು, ನನ್ನ ರ‍್ಯಾಂಕ್ ಅವನಿಗೆ ಗೊತ್ತು." ಅವನು ಗಬಗಬನೆ ತಿಂದು ಮುಗಿಸಿ, ಬಾಯಿ ನೆಕ್ಕಿಕೊಂಡು ಬಾಲ್ಕನಿಯ ಬಾಗಿಲಿಗೆ ಹೋಗಿ ತಿರುಗಿ ನೋಡಿದ. ನಾನು ಅರ್ಧ ಚಪಾತಿ ತಟ್ಟೆಯಲ್ಲೇ ಬಿಟ್ಟು ಎದ್ದೆ.

"ಪಪ್ಪಾ, ಮೆಸ್ಸಲ್ಲಿ ಊಟ ಆದ್ಮೇಲೆ ಮೊದಲು ಏಳೋದು ಯಾರು?" ಎಂದಳು ಕ್ಯಾಪ್ಟನ್ ದೇಚಮ್ಮ.

"ಅಲ್ಲಿರೋರಲ್ಲಿ ಎಲ್ಲರಿಗಿಂತ ಸೀನಿಯರ್."

"ಹಾಗಾದ್ರೆ ಸಾಹೇಬರು ಇಲ್ಲೇ ಇರ್ಲಿ," ಎಂದು ನಕ್ಕಳು. ಯಾವ ಸಾಹೇಬರು ಎಂದು ಕೇಳಲು ನನಗೆ ಪುರುಸೊತ್ತಿರಲಿಲ್ಲ. ಬಾಗಿಲು ತೆರೆಯುವುದು ತಡವಾಗಿತ್ತು, ಅವನು ಆಗಲೇ ಒಮ್ಮೆ ಬೊಗಳಿದ್ದ.